ಗಿಟ್ ಬಿಡದವರಿಗೆ ಜೆಜೆ ಕಲಿಸಿದ್ದು: ಕೆಲಸದ ಲಾಗ್

ನಮ್ಮ ತಂಡದಲ್ಲಿ ಎಲ್ಲರೂ ಗಿಟ್ ಬಳಸುತ್ತಾರೆ, ಅಂದರೆ ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನ. ಬಳಸುವ ರೀತಿ ಮಾತ್ರ ಬೇರೆ ಬೇರೆ. ಒಬ್ಬರು ಟರ್ಮಿನಲ್ ಬಿಟ್ಟು ಆಚೆ ಬರುವುದಿಲ್ಲ. ಇಬ್ಬರು ವಿಎಸ್ ಕೋಡ್‌ನ ಎಡಗಡೆ ಪಟ್ಟಿಯಲ್ಲೇ ಎಲ್ಲ ಮುಗಿಸುತ್ತಾರೆ. ಒಬ್ಬ ಲೇಜಿಗಿಟ್ ಹಿಡಿದಿದ್ದಾನೆ. ನಮ್ಮ ಹಿರಿಯರೊಬ್ಬರು ಈಮ್ಯಾಕ್ಸ್ ಒಳಗೆ ಮ್ಯಾಗಿಟ್ ಬಳಸುವವರು, ಅದರಲ್ಲಿ ಪಳಗಿದ ಕೈ. ಇಂಥವರ ನಡುವೆ ಜುಜುತ್ಸು ಅನ್ನುವ, ಗಿಟ್‌ನದೇ ಕೆಲಸ ಮಾಡುವ ಇನ್ನೊಂದು ಸಾಧನ ತರಬೇಕು ಅಂತ ಹೊರಟೆ. ಕಮಾಂಡ್‌ನ ಹೆಸರು ಜೆಜೆ, ಬಳಸುವವರು ಕರೆಯುವುದೂ ಹಾಗೇ.

ಮಾರ್ಟಿನ್ ವಾನ್ ಝ್ವೈಗ್‌ಬರ್ಗ್ ಅನ್ನುವವರು 2019ರ ಕೊನೆಗೆ ಹವ್ಯಾಸಕ್ಕೆ ಅಂತ ಶುರು ಮಾಡಿದ ಸಾಧನ ಇದು. ರಸ್ಟ್‌ನಲ್ಲಿ ಬರೆದದ್ದು, ಓಪನ್ ಸೋರ್ಸ್. ಒಳಗೆ ಗಿಟ್‌ನ ಸಂಗ್ರಹವನ್ನೇ ಬಳಸುತ್ತದೆ. ನನ್ನ ಇಡೀ ಪ್ರಯತ್ನ ನಿಂತಿದ್ದು ಈ ಒಂದು ವಿಷಯದ ಮೇಲೆ. ಯಾರೂ ಗಿಟ್ ಬಿಡಬೇಕಾಗಿಲ್ಲ.

ಯಾವ ಹಂತದಲ್ಲಿ ಏನು ಮಾಡಿದೆ, ಯಾವುದು ಕೆಲಸ ಮಾಡಲಿಲ್ಲ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಯಾರಿಗೂ ಹೇಳದೆ ನಾನೇ ಬಳಸಿದ್ದು

ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಹಾಕಿಕೊಂಡೆ. ಲಿನಕ್ಸ್ ಯಂತ್ರದಲ್ಲಿ ಕಾರ್ಗೋ ಮೂಲಕ. ಕಾರ್ಗೋ ದಾರಿಯಲ್ಲಿ ಕಂಪೈಲ್ ಆಗಲು ಹೊತ್ತು ಹಿಡಿಯುತ್ತದೆ, ಆತುರ ಇದ್ದರೆ ರೆಡಿ ಬೈನರಿ ಇಳಿಸಿಕೊಳ್ಳುವುದೇ ಒಳ್ಳೆಯದು. ವಿಂಡೋಸ್‌ನವರಿಗೆ ವಿನ್‌ಗೆಟ್‌ನಲ್ಲೂ ಸಿಗುತ್ತದೆ.

ಇದ್ದ ರೆಪೊ (ಕೋಡ್ ಮತ್ತು ಅದರ ಇತಿಹಾಸ ಇರುವ ಫೋಲ್ಡರ್) ಒಳಗೆ ಹೋಗಿ ಕೊಟ್ಟ ಕಮಾಂಡ್: ಜೆಜೆ ಗಿಟ್ ಇನಿಟ್ --ಕೊಲೊಕೇಟ್. ಅಷ್ಟೇ. .ಗಿಟ್ ಫೋಲ್ಡರ್ ಪಕ್ಕದಲ್ಲಿ .ಜೆಜೆ ಅನ್ನುವ ಇನ್ನೊಂದು ಫೋಲ್ಡರ್ ಬಂತು. ಅದು ತನ್ನನ್ನು ತಾನೇ ಗಿಟ್‌ನಿಂದ ಮರೆಮಾಡಿಕೊಳ್ಳುತ್ತದೆ, ಹಾಗಾಗಿ ಗಿಟ್ ಸ್ಟೇಟಸ್‌ನಲ್ಲಿ ಕಾಣುವುದಿಲ್ಲ. ನಾನು ಪುಶ್ ಮಾಡಿದ (ಸರ್ವರ್‌ಗೆ ಕಳಿಸಿದ) ಕಮಿಟ್, ಅಂದರೆ ಬದಲಾವಣೆಯ ದಾಖಲೆ, ಸುಮ್ಮನೆ ನೋಡಿದವರಿಗೆ ಅದು ಜೆಜೆಯಿಂದ ಬಂತೋ ಗಿಟ್‌ನಿಂದ ಬಂತೋ ಗೊತ್ತಾಗುವುದಿಲ್ಲ.

ಬೇರೆಯವರಿಗೆ ತೋರಿಸುವ ಮೊದಲು ನಾನೇ ಸಾಕಷ್ಟು ದಿನ ಬಳಸಬೇಕು ಅಂತ ತೀರ್ಮಾನಿಸಿದ್ದೆ. ಇದು ಸರಿಯಾದ ತೀರ್ಮಾನವಾಗಿತ್ತು. ಯಾಕೆಂದರೆ ಮೊದಮೊದಲು ಕೈ ಪದೇ ಪದೇ ಗಿಟ್ ಆ್ಯಡ್ ಕಡೆಗೇ ಹೋಗುತ್ತಿತ್ತು. ಜೆಜೆಯಲ್ಲಿ ಸ್ಟೇಜಿಂಗ್ (ಯಾವ ಬದಲಾವಣೆ ಕಮಿಟ್‌ಗೆ ಹೋಗಬೇಕು ಅಂತ ಮೊದಲೇ ಆರಿಸಿಡುವುದು) ಅನ್ನುವುದೇ ಇಲ್ಲ. ನೀವು ಕೆಲಸ ಮಾಡುತ್ತಿರುವ ಫೈಲುಗಳ ಸ್ಥಿತಿಯೇ ಒಂದು ಕಮಿಟ್. ಯಾವುದೇ ಜೆಜೆ ಕಮಾಂಡ್ ಕೊಟ್ಟ ಕೂಡಲೇ ಅದು ಫೈಲುಗಳನ್ನೆಲ್ಲ ನೋಡಿ ಆ ಕಮಿಟ್‌ಗೆ ಸೇರಿಸಿಕೊಳ್ಳುತ್ತದೆ. ಇದು ಮೈಗೂಡುವ ತನಕ ಬೇರೆಯವರಿಗೆ ಹೇಳಿಕೊಡಲು ಆಗುವುದಿಲ್ಲ.

ಹಂತ 2: ಸ್ಲೈಡ್ ಹಾಕಿ ಭಾಷಣ ಮಾಡಿದ್ದು (ಕೆಲಸ ಮಾಡಲಿಲ್ಲ)

ಶುಕ್ರವಾರದ ಮೀಟಿಂಗ್‌ನಲ್ಲಿ ಅರ್ಧ ಗಂಟೆ ಕೇಳಿ ಪಡೆದೆ. ಚೇಂಜ್ ಐಡಿ (ತಿದ್ದಿದರೂ ಬದಲಾಗದ ಕಮಿಟ್‌ನ ಗುರುತು) ಅಂದರೇನು, ಆಪರೇಷನ್ ಲಾಗ್ (ಮಾಡಿದ ಕೆಲಸಗಳ ಪಟ್ಟಿ) ಅಂದರೇನು, ಕಾನ್‌ಫ್ಲಿಕ್ಟನ್ನು (ಒಂದೇ ಸಾಲಿಗೆ ಎರಡು ಬೇರೆ ಬದಲಾವಣೆ ಬಂದಾಗಿನ ತಿಕ್ಕಾಟ) ಕಮಿಟ್ ಒಳಗೇ ಹೇಗೆ ಇಟ್ಟುಕೊಳ್ಳುತ್ತದೆ, ಎಲ್ಲ ಹೇಳಿದೆ. ಜನ ಕೇಳಿಸಿಕೊಂಡರು, ಆದರೆ ಯಾರಿಗೂ ತಾಗಲಿಲ್ಲ.

ಮ್ಯಾಗಿಟ್ ಬಳಸುವ ಹಿರಿಯರು ಕೊನೆಗೆ ಕೇಳಿದರು: "ಇದೆಲ್ಲ ಗಿಟ್‌ನಲ್ಲೂ ಆಗುತ್ತಲ್ಲಪ್ಪಾ? ಫಿಕ್ಸಪ್ ಕಮಿಟ್ ಹಾಕಿ ಆಟೋಸ್ಕ್ವಾಶ್ ಮಾಡಿದರೆ ಮುಗೀತು. ಒಂದರ ಮೇಲೊಂದು ಬ್ರ್ಯಾಂಚ್ ಇದ್ದರೆ ರೀಬೇಸ್‌ಗೆ ಅಪ್‌ಡೇಟ್-ರೆಫ್ಸ್ ಇದೆ."

ಬ್ರ್ಯಾಂಚ್ ಅಂದರೆ ಕೆಲಸದ ಕವಲು, ರೀಬೇಸ್ ಅಂದರೆ ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಮತ್ತೆ ಕಟ್ಟುವುದು. ಹಳೆಯ ಕಮಿಟ್ ತಿದ್ದಲು ಗಿಟ್‌ನಲ್ಲೇ ದಾರಿ ಇದೆ ಅಂತ ಅವರು ಹೇಳಿದ್ದು ನಿಜ. ಆ ಅಪ್‌ಡೇಟ್-ರೆಫ್ಸ್ ಆಯ್ಕೆ 2022ರಲ್ಲೇ ಗಿಟ್ 2.38ರ ಜೊತೆ ಬಂದಿದೆ. ಗಿಟ್ ಚೆನ್ನಾಗಿ ಗೊತ್ತಿರುವವರ ಎದುರು "ಗಿಟ್‌ನಲ್ಲಿ ಇದು ಆಗಲ್ಲ" ಅಂತ ಹೇಳುವ ಹಾಗೆಯೇ ಇಲ್ಲ. ಬಹುಪಾಲು ಆಗುತ್ತದೆ. "ಹೌದು ಸರ್, ಆಗುತ್ತೆ. ಆದರೆ ನೀವಲ್ಲದೆ ಇಲ್ಲಿ ಬೇರೆ ಯಾರೂ ಅದನ್ನ ಮಾಡಲ್ಲ" ಅಂದೆ. ಅದಕ್ಕೆ ಅವರು ತಲೆಯಾಡಿಸಿದರು. ಮೀಟಿಂಗ್‌ನಿಂದ ನನಗೆ ಸಿಕ್ಕಿದ್ದು ಆ ಒಂದು ಮಾತು. ಪೈಪೋಟಿ ಗಿಟ್ ಜೊತೆಗಲ್ಲ. ಗಿಟ್‌ನ ಕಷ್ಟದ ಕಮಾಂಡ್ ಕೊಡಲು ಹೆದರುವವರ ಹೆದರಿಕೆ ಜೊತೆಗೆ.

ಸ್ಲೈಡ್‌ಗಳನ್ನು ಅಲ್ಲಿಗೇ ಕೈಬಿಟ್ಟೆ.

ಹಂತ 3: ಹಾಳಾಗಿರುವ ರೆಪೊ ಕಟ್ಟಿದ್ದು

ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಬರೆದೆ. ಓಡಿಸಿದರೆ ಅಭ್ಯಾಸಕ್ಕೆ ಒಂದು ಗಿಟ್ ರೆಪೊ ತಯಾರಾಗುತ್ತದೆ. ಒಳಗೆ ಐದು ಕಮಿಟ್. ಎರಡನೆಯದರಲ್ಲಿ ಒಂದು ಫಂಕ್ಷನ್ ಹೆಸರು ತಪ್ಪು. ನಾಲ್ಕನೆಯದು ಅದೇ ಸಾಲನ್ನು ಮುಟ್ಟುತ್ತದೆ, ಹಾಗಾಗಿ ಎರಡನೆಯದನ್ನು ಸರಿಮಾಡಿದರೆ ನಾಲ್ಕರಲ್ಲಿ ಕಾನ್‌ಫ್ಲಿಕ್ಟ್ ಖಂಡಿತ.

ಇದನ್ನು ಗುಂಪಿಗೆ ತೋರಿಸಲಿಲ್ಲ. ಒಬ್ಬೊಬ್ಬರ ಪಕ್ಕ ಕುರ್ಚಿ ಎಳೆದು ಕೂತು, ಅವರ ಲ್ಯಾಪ್‌ಟಾಪ್‌ನಲ್ಲೇ, ಅವರ ಕೈಯಲ್ಲೇ ಮಾಡಿಸಿದೆ. ಮೊದಲು ಗಿಟ್‌ನಲ್ಲಿ ಸರಿಮಾಡಿ ಅಂದೆ. ಇಂಟರ್‍ಯಾಕ್ಟಿವ್ ರೀಬೇಸ್ ಅರ್ಧಕ್ಕೆ ನಿಲ್ಲುತ್ತದೆ. ಕಾನ್‌ಫ್ಲಿಕ್ಟ್ ಬಿಡಿಸುವ ತನಕ ಬೇರೆ ಕೆಲಸ ಇಲ್ಲ. ಆಮೇಲೆ ಅದೇ ಸ್ಕ್ರಿಪ್ಟ್ ಮತ್ತೆ ಓಡಿಸಿ ಜೆಜೆಯಲ್ಲಿ ಮಾಡಿಸಿದೆ.

ಕಮಾಂಡ್‌ಗಳ ಸಾಲು ಇಷ್ಟು. ಜೆಜೆ ಎಡಿಟ್ ಅಂತ ಕೊಟ್ಟು ಎರಡನೇ ಕಮಿಟ್‌ನ ಚೇಂಜ್ ಐಡಿಯ ಮೊದಲ ಒಂದೆರಡು ಅಕ್ಷರ ಬರೆಯುವುದು. ಈ ಐಡಿಗಳಲ್ಲಿ ಕೆ ಇಂದ ಝಡ್ ತನಕದ ಅಕ್ಷರ ಮಾತ್ರ ಇರುತ್ತವೆ, ಗಿಟ್‌ನ ಹ್ಯಾಶ್ ಜೊತೆ ಗೊಂದಲ ಆಗುವುದಿಲ್ಲ. ಫೈಲ್ ತೆರೆದು ಹೆಸರು ಸರಿಮಾಡಿ ಸೇವ್ ಮಾಡುವುದು. ಆಮೇಲೆ ಜೆಜೆ ಲಾಗ್. ಮೇಲಿನ ಮೂರು ಕಮಿಟ್‌ಗಳು ಆಗಲೇ ತಾವಾಗಿ ರೀಬೇಸ್ ಆಗಿರುತ್ತವೆ. ನಾಲ್ಕನೆಯದರ ಮತ್ತು ಅದರ ಮೇಲಿರುವ ಐದನೆಯದರ ಪಕ್ಕದಲ್ಲಿ ಗುಣಾಕಾರ ಚಿಹ್ನೆ, ಮುಂದೆ ಕಾನ್‌ಫ್ಲಿಕ್ಟ್ ಅಂತ ಕೆಂಪು ಅಕ್ಷರದಲ್ಲಿ. ಕೆಲಸ ಮಾತ್ರ ಯಾವುದೂ ನಿಂತಿರುವುದಿಲ್ಲ. ಬೇಕಾದರೆ ಈಗ ಬಿಡಿಸಿ, ಇಲ್ಲಾಂದ್ರೆ ಊಟ ಮಾಡಿ ಬಂದು ಬಿಡಿಸಿ.

ಲೇಜಿಗಿಟ್ ಹುಡುಗ ಇಲ್ಲಿ ಕೇಳಿದ: "ಈಗ ನಾನು ಇದನ್ನೆಲ್ಲ ಕೆಡಿಸಿಬಿಟ್ರೆ?"

"ಕೆಡಿಸು ಗುರು" ಅಂದೆ. ಅವನು ಬೇಕಂತಲೇ ಮಧ್ಯದ ಕಮಿಟ್ ಅಬ್ಯಾಂಡನ್ ಮಾಡಿದ (ಕಿತ್ತುಹಾಕಿದ), ಇನ್ನೆರಡನ್ನು ಒಂದಕ್ಕೊಂದು ಸೇರಿಸಿದ. ಆಮೇಲೆ ಜೆಜೆ ಅನ್‌ಡೂ ಕೊಟ್ಟ. ಮತ್ತೊಮ್ಮೆ ಕೊಟ್ಟ. ಎಲ್ಲ ವಾಪಸ್ ಬಂತು. ಜೆಜೆ ಆಪ್ ಲಾಗ್ ತೆರೆದರೆ ಶುರುವಿನಿಂದ ಮಾಡಿದ ಒಂದೊಂದು ಕೆಲಸವೂ ಸಾಲಾಗಿ ಇರುತ್ತದೆ, ಯಾವ ಹೊತ್ತಿನ ಸ್ಥಿತಿಗೆ ಬೇಕಾದರೂ ಮರಳಬಹುದು. ಅವನು ಅವತ್ತೇ ತನ್ನ ಯಂತ್ರಕ್ಕೆ ಹಾಕಿಕೊಂಡ. ಅರ್ಧ ಗಂಟೆಯ ಭಾಷಣದಿಂದ ಆಗದ್ದು ಆ ಎರಡು ಅನ್‌ಡೂಗಳಿಂದ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಆವೃತ್ತಿಗಳಲ್ಲಿ ಅನ್‌ಡೂ ಎರಡು ಸಲ ಕೊಟ್ಟರೆ ಎರಡನೆಯದು ಮೊದಲ ಅನ್‌ಡೂವನ್ನೇ ರದ್ದು ಮಾಡುತ್ತಿತ್ತು. ಹೊಸದರಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತದೆ, ಜೊತೆಗೆ ರೀಡೂ ಕೂಡ ಇದೆ. ಸಾಧನಕ್ಕೆ ತಿಂಗಳಿಗೊಂದು ಆವೃತ್ತಿ ಬರುತ್ತದೆ, ಹೆಸರುಗಳೂ ಬದಲಾಗುತ್ತವೆ. 2024ರಲ್ಲಿ ಬ್ರ್ಯಾಂಚ್ ಅನ್ನುವುದನ್ನೇ ಬುಕ್‌ಮಾರ್ಕ್ ಅಂತ ಮಾಡಿದರು. ಅದಕ್ಕಿಂತ ಹಳೆಯ ಟಿಪ್ಪಣಿ ನೋಡಿ ಕಮಾಂಡ್ ಕೊಟ್ಟರೆ ನಡೆಯುವುದಿಲ್ಲ. ತಂಡದಲ್ಲಿ ಎಲ್ಲರೂ ಒಂದೇ ಆವೃತ್ತಿ ಇಟ್ಟುಕೊಳ್ಳಿ.

ಹಂತ 4: ನಿಜವಾದ ಕೆಲಸದಲ್ಲಿ ಮೊದಲ ಪರೀಕ್ಷೆ

ಅಭ್ಯಾಸದ ರೆಪೊದಲ್ಲಿ ಎಲ್ಲವೂ ಚೆನ್ನಾಗೇ ನಡೆಯುತ್ತದೆ. ನಿಜವಾದ ಪರೀಕ್ಷೆ ಬಂದಿದ್ದು ಟೆಸ್ಟಿಂಗ್ ಕಡೆಯ ಸಹೋದ್ಯೋಗಿಯಿಂದ. ಒಂದರ ಮೇಲೊಂದು ಮೂರು ಪಿಆರ್ (ನನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿದ್ದರು. ವಿಮರ್ಶೆಯಲ್ಲಿ ಮೂರಕ್ಕೂ ಸಣ್ಣ ಸಣ್ಣ ತಿದ್ದುಪಡಿ ಬಂದಿತ್ತು. "ಸರ್, ಮೂರು ಬ್ರ್ಯಾಂಚ್‌ಗೂ ಹೋಗಿ ಬಂದು ಮಾಡಬೇಕಲ್ವಾ? ನಿಮ್ಮ ಜೆಜೆಯಲ್ಲಿ ಏನಾದ್ರೂ ದಾರಿ ಇದ್ಯಾ?" ಅಂತ ಅವರೇ ಬಂದು ಕೇಳಿದರು.

ಅವರ ರೆಪೊದಲ್ಲಿ ಜೆಜೆ ಹಾಕಿದೆವು. ಮೇಲಿನ ಬ್ರ್ಯಾಂಚ್‌ನಲ್ಲೇ ನಿಂತು ಮೂರು ತಿದ್ದುಪಡಿಯನ್ನೂ ಒಟ್ಟಿಗೆ ಮಾಡಿದರು. ಒಂದು ಇನ್‌ಪುಟ್ ಪರೀಕ್ಷಿಸುವ ಫಂಕ್ಷನ್‌ನಲ್ಲಿ, ಒಂದು ಎಪಿಐ ಹ್ಯಾಂಡ್ಲರ್‌ನಲ್ಲಿ, ಒಂದು ಟೆಸ್ಟ್ ಫೈಲ್‌ನಲ್ಲಿ. ನಾನು ಜೆಜೆ ಅಬ್ಸಾರ್ಬ್ ಕೊಡಿ ಅಂದೆ. ಕೊಟ್ಟರು. ಏನೂ ಬದಲಾಗಿಲ್ಲ ಅಂತ ಉತ್ತರ ಬಂತು.

ಲಾಗ್ ನೋಡಿದಾಗ ಕಾರಣ ಸಿಕ್ಕಿತು. ಅವರ ಕಮಿಟ್‌ಗಳ ಮುಂದೆ ಖಾಲಿ ವೃತ್ತ ಇರಬೇಕಿತ್ತು, ತುಂಬಿದ ವಜ್ರದ ಆಕಾರ ಇತ್ತು. ವಜ್ರ ಅಂದರೆ ಮುಟ್ಟಬಾರದ ಕಮಿಟ್. ಸರ್ವರ್‌ನಲ್ಲಿರುವ ಬ್ರ್ಯಾಂಚ್‌ಗಳನ್ನು ನಾವು ಟ್ರ್ಯಾಕ್ ಮಾಡದಿದ್ದರೆ ಜೆಜೆ ಅವನ್ನು ಬೇರೆಯವರ ಕೆಲಸ ಅಂತ ತಿಳಿದು ಬೀಗ ಹಾಕುತ್ತದೆ. ಮೂರು ಬುಕ್‌ಮಾರ್ಕ್‌ಗಳಿಗೂ ಜೆಜೆ ಬುಕ್‌ಮಾರ್ಕ್ ಟ್ರ್ಯಾಕ್ ಕೊಟ್ಟೆವು. ವಜ್ರ ಹೋಗಿ ವೃತ್ತ ಬಂತು.

ಮತ್ತೆ ಅಬ್ಸಾರ್ಬ್. ಈ ಸಲ ಮೂರು ಕಮಿಟ್‌ಗಳ ಪಟ್ಟಿ ತೆರೆಯ ಮೇಲೆ ಬಂತು. ಬದಲಾದ ಸಾಲನ್ನು ಕೊನೆಯದಾಗಿ ಮುಟ್ಟಿದ ಕಮಿಟ್ ಯಾವುದು ಅಂತ ನೋಡಿ, ಆಯಾ ತುಂಡನ್ನು ಅಲ್ಲಿಗೇ ಸೇರಿಸುತ್ತದೆ. ಎಲ್ಲಿಗೆ ಸೇರಬೇಕು ಅಂತ ಖಚಿತ ಇಲ್ಲದ ತುಂಡನ್ನು ಮುಟ್ಟದೆ ಬಿಡುತ್ತದೆ.

"ಸರಿಯಾದ ಜಾಗಕ್ಕೇ ಹೋಯ್ತು ಅಂತ ಹೇಗೆ ನಂಬೋದು?" ಅಂದರು. ನ್ಯಾಯವಾದ ಪ್ರಶ್ನೆ. ಜೆಜೆ ಆಪ್ ಶೋ -ಪಿ ಕೊಟ್ಟರೆ ಆ ಒಂದು ಕಾರ್ಯಾಚರಣೆಯಲ್ಲಿ ಯಾವ ಕಮಿಟ್‌ಗೆ ಯಾವ ಸಾಲು ಸೇರಿತು ಅಂತ ಕಾಣುತ್ತದೆ. ಒಂದೊಂದೇ ಸಾಲು ಓದಿ ನೋಡಿದರು. ಆಮೇಲೆ ಜೆಜೆ ಗಿಟ್ ಪುಶ್. ಮೂರೂ ಪಿಆರ್ ಒಂದೇ ಸಲಕ್ಕೆ ಅಪ್‌ಡೇಟ್ ಆದವು.

ಇದಾದ ಮೇಲೆ ನಾನು ಪ್ರಚಾರ ಮಾಡುವ ಅಗತ್ಯ ಅರ್ಧ ಕಡಿಮೆಯಾಯಿತು. ಪಕ್ಕದ ಸಾಲಿನವರಿಗೆ ಅವರೇ ತೋರಿಸಿದರು.

ಹಂತ 5: ಒಡೆದುಹೋದ ವಿಷಯಗಳು

ಈ ಭಾಗ ಉದ್ದ ಇದೆ. ನಿಮ್ಮ ತಂಡಕ್ಕೆ ಜೆಜೆ ತರುವ ಆಲೋಚನೆ ಇದ್ದರೆ ದಯವಿಟ್ಟು ಇದನ್ನು ಮೊದಲು ಓದಿ.

ಹುಕ್‌ಗಳು. ಜೆಜೆ ಕಮಿಟ್ ಮಾಡುವಾಗ ಗಿಟ್‌ನ ಪ್ರಿ-ಕಮಿಟ್ ಹುಕ್ (ಕಮಿಟ್‌ಗೆ ಮೊದಲು ತಾನಾಗಿ ಓಡುವ ಸ್ಕ್ರಿಪ್ಟ್) ಓಡುವುದಿಲ್ಲ. ಕೋಡ್‌ನ ತಪ್ಪು ಹುಡುಕುವ ನಮ್ಮ ಲಿಂಟ್ ಪರೀಕ್ಷೆ ಅಲ್ಲೇ ಇತ್ತು. ಜೆಜೆಗೆ ಬಂದವರ ಪಿಆರ್‌ಗಳು ಸಿಐಯಲ್ಲಿ (ಸರ್ವರ್‌ನಲ್ಲಿ ತಾನಾಗಿ ನಡೆಯುವ ಪರೀಕ್ಷೆಯಲ್ಲಿ) ಒಂದರ ಹಿಂದೊಂದು ಕೆಂಪಾದವು. ಸರಿಪಡಿಸಿದ್ದು ಎರಡು ರೀತಿ. ಫಾರ್ಮ್ಯಾಟರನ್ನು ಜೆಜೆ ಫಿಕ್ಸ್‌ನ ಸೆಟ್ಟಿಂಗ್‌ಗೆ ಸೇರಿಸಿದೆ, ಅದು ಒಂದು ಕಮಿಟ್ ಅಲ್ಲ, ಸಾಲಿನಲ್ಲಿರುವ ಎಲ್ಲ ಕಮಿಟ್‌ಗಳನ್ನೂ ಸರಿಮಾಡುತ್ತದೆ. ಲಿಂಟ್‌ಗೆ ಮಾತ್ರ ಒಂದು ಅಲಿಯಾಸ್ (ನಾವೇ ಹೆಸರಿಟ್ಟ ಕಮಾಂಡ್) ಬರೆದೆ: ಮೊದಲು ಪರೀಕ್ಷೆ ಓಡಿಸಿ, ಪಾಸಾದರೆ ಮಾತ್ರ ಪುಶ್. ಅಲಿಯಾಸ್ ಬಳಸಲು ಮರೆತರೆ ಈ ತೊಂದರೆ ಈಗಲೂ ಆಗುತ್ತದೆ.

ತಾನಾಗಿ ಸೇರುವ ಫೈಲುಗಳು. ಹೊಸ ಫೈಲ್ ಕಂಡರೆ ಜೆಜೆ ಕೇಳದೆ ಸೇರಿಸಿಕೊಳ್ಳುತ್ತದೆ. ಒಬ್ಬರ ರೆಪೊದಲ್ಲಿ ಪಾಸ್‌ವರ್ಡ್ ಇರುವ ಒಂದು ಸೆಟ್ಟಿಂಗ್ ಫೈಲ್ .ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿಯಲ್ಲಿ) ಇರಲಿಲ್ಲ. ಗಿಟ್‌ನಲ್ಲಿ ಅವರು ಅದನ್ನು ಆ್ಯಡ್ ಮಾಡದೆ ನಿಭಾಯಿಸಿಕೊಂಡಿದ್ದರು. ಜೆಜೆಯಲ್ಲಿ ಅದು ಕಮಿಟ್ ಒಳಗೆ ಬಂದುಬಿಟ್ಟಿತು. ಪುಶ್ ಮಾಡುವ ಮೊದಲೇ ಜೆಜೆ ಎಸ್‌ಟಿ ಪಟ್ಟಿಯಲ್ಲಿ ಕಂಡಿದ್ದರಿಂದ ಬಚಾವಾದೆವು. ಮೊದಲು ಇಗ್ನೋರ್‌ಗೆ ಸೇರಿಸಬೇಕು, ಆಮೇಲೆ ಜೆಜೆ ಫೈಲ್ ಅನ್‌ಟ್ರ್ಯಾಕ್, ಈ ಕ್ರಮದಲ್ಲೇ ಆಗಬೇಕು. ಈಗ ಹೊಸದಾಗಿ ಹಾಕಿಕೊಳ್ಳುವವರಿಗೆಲ್ಲ ಸ್ನ್ಯಾಪ್‌ಶಾಟ್ ಆಟೋ-ಟ್ರ್ಯಾಕ್ ಸೆಟ್ಟಿಂಗನ್ನು ಶುರುವಿನಲ್ಲೇ ನನ್() ಅಂತ ಇಟ್ಟುಕೊಡುತ್ತೇನೆ. ಹೊಸ ಫೈಲನ್ನು ತಾವೇ ಟ್ರ್ಯಾಕ್ ಮಾಡುತ್ತಾರೆ. ಗಿಟ್ ಅಭ್ಯಾಸಕ್ಕೂ ಅದೇ ಹತ್ತಿರ.

ದೊಡ್ಡ ಫೈಲುಗಳು. 1 ಎಂಐಬಿಗಿಂತ ದೊಡ್ಡ ಹೊಸ ಫೈಲ್ ಇದ್ದರೆ ಜೆಜೆ ಸೇರಿಸದೆ ಎಚ್ಚರಿಸುತ್ತದೆ. ಇದು ತೊಂದರೆಯಲ್ಲ, ಉಪಕಾರ. ಮಿತಿ ಏರಿಸುವ ಸೆಟ್ಟಿಂಗ್ ಇದೆ, ನಾವು ಏರಿಸಿಲ್ಲ.

ಬುಕ್‌ಮಾರ್ಕ್ ಜೊತೆಗೆ ಬರುವುದಿಲ್ಲ. ಗಿಟ್‌ನಲ್ಲಿ ಕಮಿಟ್ ಮಾಡಿದರೆ ಬ್ರ್ಯಾಂಚ್ ತಾನಾಗಿ ಮುಂದೆ ಹೋಗುತ್ತದೆ. ಜೆಜೆಯಲ್ಲಿ ಬುಕ್‌ಮಾರ್ಕ್ ಇದ್ದಲ್ಲೇ ಇರುತ್ತದೆ. ಹೊಸಬರು ಕಮಿಟ್ ಮಾಡಿ ಪುಶ್ ಕೊಡುತ್ತಾರೆ, ಸರ್ವರ್‌ಗೆ ಏನೂ ಹೋಗುವುದಿಲ್ಲ. ಅತಿ ಜಾಸ್ತಿ ಬಂದ ದೂರು ಇದೇ. ಜೆಜೆ ಬಳಸುವವರಲ್ಲಿ ಟಗ್ ಅನ್ನುವ ಒಂದು ಅಲಿಯಾಸ್ ಚಾಲ್ತಿಯಲ್ಲಿದೆ, ಹತ್ತಿರದ ಬುಕ್‌ಮಾರ್ಕನ್ನು ಎಳೆದು ಈಗಿನ ಕಮಿಟ್ ತನಕ ತರುತ್ತದೆ. ಅದನ್ನು ಎಲ್ಲರ ಕಾನ್ಫಿಗ್‌ನಲ್ಲೂ ಹಾಕಿದೆ. ದೂರು ನಿಂತಿತು.

ವಿಎಸ್ ಕೋಡ್‌ನವರ ಗೊಂದಲ. ಜೆಜೆ ಹಾಕಿದ ಮೇಲೆ ಗಿಟ್ ಕಣ್ಣಿಗೆ ರೆಪೊ ಡಿಟ್ಯಾಚ್ಡ್ ಹೆಡ್ ಸ್ಥಿತಿಯಲ್ಲಿರುತ್ತದೆ, ಅಂದರೆ ಯಾವ ಬ್ರ್ಯಾಂಚ್ ಮೇಲೂ ನಿಂತಿರುವುದಿಲ್ಲ. ಎಡಿಟರ್‌ನ ಕೆಳಗೆ ಎಡ ಮೂಲೆಯಲ್ಲಿ ಬ್ರ್ಯಾಂಚ್ ಹೆಸರು ಹೋಗಿ ಒಂದು ಹ್ಯಾಶ್ ಬರುತ್ತದೆ. ನೋಡಿದವರಿಗೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿಲ್ಲ ಅಂತ ಮೊದಲೇ ಹೇಳಿಬಿಡಿ. ಜೊತೆಗೆ ಎಡಿಟರ್ ಹಿನ್ನೆಲೆಯಲ್ಲಿ ತಾನಾಗಿ ಫೆಚ್ ಮಾಡುವ ಸೆಟ್ಟಿಂಗ್ ಆನ್ ಇದ್ದರೆ ಆಫ್ ಮಾಡಿಸಿ. ಎರಡೂ ಕಡೆಯಿಂದ ರೆಪೊ ಬದಲಾದರೆ ಬುಕ್‌ಮಾರ್ಕ್‌ಗಳಲ್ಲಿ ಕಾನ್‌ಫ್ಲಿಕ್ಟ್ ಬರುತ್ತದೆ, ಅದನ್ನು ಹೊಸಬರಿಂದ ಬಿಡಿಸಲು ಆಗುವುದಿಲ್ಲ.

ಫೋರ್ಸ್ ಪುಶ್. ಹಳೆಯ ಕಮಿಟ್ ತಿದ್ದಿದರೆ ಪುಶ್ ಫೋರ್ಸ್ ಪುಶ್ ಆಗಿಯೇ ಹೋಗುತ್ತದೆ, ಅಂದರೆ ಸರ್ವರ್‌ನಲ್ಲಿದ್ದ ಬ್ರ್ಯಾಂಚ್‌ನ ಜಾಗಕ್ಕೆ ಹೊಸದು ಬರುತ್ತದೆ. ವಿಮರ್ಶೆ ನಡೆಯುತ್ತಿರುವ ಪಿಆರ್‌ನಲ್ಲಿ ಹೀಗಾದರೆ ಗಿಟ್‌ಹಬ್‌ನಲ್ಲಿ ಕಾಮೆಂಟ್‌ಗಳು ಹಳತಾದವು ಅಂತ ಮಡಚಿಕೊಳ್ಳುತ್ತವೆ. ವಿಮರ್ಶೆ ಮಾಡುವ ಹಿರಿಯರಿಗೆ ಇದು ಕಿರಿಕಿರಿ ತಂದಿತು. ಅವರು ಬೇಸರ ಪಟ್ಟಿದ್ದು ಸರಿ. ಈಗಿನ ಒಪ್ಪಂದ ಹೀಗಿದೆ: ವಿಮರ್ಶೆ ಶುರುವಾದ ಮೇಲೆ ಹಳೆಯ ಕಮಿಟ್ ತಿದ್ದುವ ಹಾಗಿಲ್ಲ. ತಿದ್ದುಪಡಿಯನ್ನು ಹೊಸ ಕಮಿಟ್ ಆಗಿ ಸೇರಿಸಿ, ಕೊನೆಗೆ ಸ್ಕ್ವಾಶ್ ಮರ್ಜ್ (ಎಲ್ಲವನ್ನೂ ಒಂದೇ ಕಮಿಟ್ ಮಾಡಿ ಸೇರಿಸುವುದು). ಒಂದರ ಮೇಲೊಂದು ಇರುವ ಪಿಆರ್‌ಗಳಿಗೆ ಮಾತ್ರ ವಿನಾಯಿತಿ, ಅದೂ ವಿಮರ್ಶಕರಿಗೆ ಹೇಳಿ.

ಸಬ್‌ಮಾಡ್ಯೂಲ್ ಮತ್ತು ಎಲ್‌ಎಫ್‌ಎಸ್. ಮೊದಲನೆಯದು ರೆಪೊ ಒಳಗೆ ಇನ್ನೊಂದು ರೆಪೊ, ಎರಡನೆಯದು ದೊಡ್ಡ ಫೈಲುಗಳನ್ನು ಬೇರೆ ಕಡೆ ಇಡುವ ಗಿಟ್ ವಿಸ್ತರಣೆ. ಎರಡಕ್ಕೂ ಬೆಂಬಲ ಇಲ್ಲ. ನಮ್ಮ ಒಂದು ರೆಪೊದಲ್ಲಿ ಸಬ್‌ಮಾಡ್ಯೂಲ್ ಇದೆ, ಇನ್ನೊಂದರಲ್ಲಿ ಚಿತ್ರಗಳೆಲ್ಲ ಎಲ್‌ಎಫ್‌ಎಸ್‌ನಲ್ಲಿವೆ. ಆ ಎರಡರಲ್ಲಿ ಜೆಜೆ ಬೇಡವೇ ಬೇಡ ಅಂತ ನಾನೇ ಬರೆದು ಅಂಟಿಸಿದೆ.

ಬಿಡುಗಡೆ ಬ್ರ್ಯಾಂಚ್. ಶುರುವಿನ ಸೆಟ್ಟಿಂಗ್‌ನಲ್ಲಿ ಮೇನ್ ಬ್ರ್ಯಾಂಚ್ ಮತ್ತು ಟ್ಯಾಗ್‌ಗಳಿಗೆ ಬೀಗ ಇರುತ್ತದೆ. ಟ್ರ್ಯಾಕ್ ಮಾಡಿದ ರಿಲೀಸ್ ಬ್ರ್ಯಾಂಚ್‌ಗೆ ಇರುವುದಿಲ್ಲ. ಇಮ್ಮ್ಯೂಟಬಲ್ ಹೆಡ್ಸ್ ಅನ್ನುವ ಅಲಿಯಾಸ್‌ಗೆ ಅದನ್ನೂ ಸೇರಿಸಿದೆ. ಇದನ್ನು ಮಾತ್ರ ಯಾರಿಗೂ ತೊಂದರೆ ಆಗುವ ಮೊದಲೇ ಮಾಡಿದ್ದೆ.

ಹಂತ 6: ಒಂದು ಹಾಳೆ

ಎ4 ಹಾಳೆಯಲ್ಲಿ ಎರಡು ಕಾಲಂ ಮಾಡಿದೆ. ಎಡಗಡೆ ಅವರಿಗೆ ಗೊತ್ತಿರುವ ಗಿಟ್, ಬಲಗಡೆ ಜೆಜೆ.

ಗಿಟ್ ಸ್ಟೇಟಸ್: ಜೆಜೆ ಎಸ್‌ಟಿ
ಗಿಟ್ ಆ್ಯಡ್, ಆಮೇಲೆ ಕಮಿಟ್: ಜೆಜೆ ಕಮಿಟ್
ಕಮಿಟ್ --ಅಮೆಂಡ್: ಜೆಜೆ ಸ್ಕ್ವಾಶ್
ಗಿಟ್ ಸ್ಟ್ಯಾಶ್: ಜೆಜೆ ನ್ಯೂ @- (ಹಳೆಯ ಕೆಲಸ ಒಂದು ಕಮಿಟ್ ಆಗಿ ಪಕ್ಕದಲ್ಲೇ ಉಳಿಯುತ್ತದೆ)
ಹೊಸ ಬ್ರ್ಯಾಂಚ್: ಜೆಜೆ ನ್ಯೂ ಮೇನ್ (ಹೆಸರು ಈಗಲೇ ಬೇಡ)
ಗಿಟ್ ರಿಫ್ಲಾಗ್: ಜೆಜೆ ಆಪ್ ಲಾಗ್
ಗಿಟ್ ಪುಲ್: ಸಮನಾದ ಒಂದೇ ಕಮಾಂಡ್ ಇಲ್ಲ. ಜೆಜೆ ಗಿಟ್ ಫೆಚ್, ಆಮೇಲೆ ಮೇನ್ ಮೇಲೆ ರೀಬೇಸ್

ಹಿಂದುಗಡೆ ಹಂತ 5ರ ಪಟ್ಟಿ ಪೂರ್ತಿ ಹಾಕಿದೆ. ಯಾವುದು ಆಗುವುದಿಲ್ಲ ಅನ್ನುವುದು ಅವರಿಗೆ ನನ್ನಿಂದಲೇ ಗೊತ್ತಾಗಬೇಕು, ಕೆಲಸದ ಮಧ್ಯೆ ಎಡವಿ ಗೊತ್ತಾಗಬಾರದು. ಇಡೀ ಪ್ರಯತ್ನಕ್ಕೆ ಕೈಯಿಂದ ಹೋದ ದುಡ್ಡು ಅಂದರೆ ಈ ಹಾಳೆಗಳ ಕಲರ್ ಪ್ರಿಂಟ್, ಪುಟಕ್ಕೆ 10 ರೂಪಾಯಿ. ಸಮಯದ ಖರ್ಚು ಬೇರೆ, ಅದು ಬಹಳ.

ಹಂತ 7: ವಾಪಸ್ ಹೋಗುವ ದಾರಿ

ವಿಎಸ್ ಕೋಡ್‌ನ ಇಬ್ಬರಲ್ಲಿ ಒಬ್ಬರು ಕೊನೆಯ ತನಕ ಅನುಮಾನದಲ್ಲೇ ಇದ್ದರು. "ಇಷ್ಟ ಆಗದಿದ್ರೆ ತೆಗೆಯೋದು ಹೇಗೆ?" ಅನ್ನುವುದೊಂದೇ ಅವರ ಪ್ರಶ್ನೆ. ಅವರ ಎದುರೇ ಮಾಡಿ ತೋರಿಸಿದೆ. .ಜೆಜೆ ಫೋಲ್ಡರ್ ಅಳಿಸಿದೆ. ಗಿಟ್ ಸ್ಟೇಟಸ್ ಕೊಟ್ಟೆ. ಅವರ ಅರ್ಧ ಮುಗಿದ ಕೆಲಸ, ಇನ್ನೂ ಕಮಿಟ್ ಆಗದ ಬದಲಾವಣೆಯಾಗಿ ಹಾಗೇ ಇತ್ತು. ಗಿಟ್‌ನ ಹೆಡ್ ಯಾವಾಗಲೂ ಜೆಜೆಯ ಈಗಿನ ಕಮಿಟ್‌ನ ಹಿಂದಿನದಕ್ಕೆ ನಿಂತಿರುತ್ತದೆ, ಅದಕ್ಕೇ ಹೀಗೆ. ಆಮೇಲೆ ಗಿಟ್ ಸ್ವಿಚ್ ಕೊಟ್ಟು ಬ್ರ್ಯಾಂಚ್‌ಗೆ ಹೋದರೆ ಎಲ್ಲ ಮೊದಲಿನಂತೆ. ಒಂದೇ ಷರತ್ತು: ಕಾನ್‌ಫ್ಲಿಕ್ಟ್ ಉಳಿಸಿಕೊಂಡ ಕಮಿಟ್ ಇದ್ದರೆ ಅಳಿಸುವ ಮೊದಲು ಬಿಡಿಸಿಕೊಳ್ಳಬೇಕು. ಅಂಥ ಕಮಿಟನ್ನು ಗಿಟ್‌ನಲ್ಲಿ ತೆರೆದರೆ ವಿಚಿತ್ರ ಫೋಲ್ಡರ್‌ಗಳು ಕಾಣುತ್ತವೆ. ಆಪರೇಷನ್ ಲಾಗ್ ಕೂಡ ಫೋಲ್ಡರ್ ಜೊತೆಗೇ ಹೋಗುತ್ತದೆ.

ಅವರು ತೆಗೆಯುವುದನ್ನು ನೋಡಿ, ಅದೇ ಮಧ್ಯಾಹ್ನ ಹಾಕಿಕೊಂಡರು. ಇದನ್ನು ಮೊದಲ ಹಂತಕ್ಕೇ ತರಬೇಕು ಅಂತ ನನ್ನ ಅಭಿಪ್ರಾಯ. ಹೊಸ ಸಾಧನ ತೋರಿಸುವವರು ಹಾಕುವುದಕ್ಕಿಂತ ಮೊದಲು ತೆಗೆಯುವುದನ್ನು ತೋರಿಸಲಿ.

ಈಗಿನ ಸ್ಥಿತಿ

ಲೇಜಿಗಿಟ್ ಹುಡುಗ, ಟೆಸ್ಟಿಂಗ್‌ನವರು, ವಿಎಸ್ ಕೋಡ್‌ನ ಒಬ್ಬರು ದಿನಾ ಜೆಜೆ ಬಳಸುತ್ತಿದ್ದಾರೆ. ಇನ್ನೊಬ್ಬ ವಿಎಸ್ ಕೋಡ್‌ನವರು ಹಾಕಿಕೊಂಡು, ಡಿಟ್ಯಾಚ್ಡ್ ಹೆಡ್ ನೋಡಲಾಗದೆ ತೆಗೆದರು. ಟರ್ಮಿನಲ್‌ನವರು ಅನ್‌ಡೂಗೆ ಮಾತ್ರ ಇಟ್ಟುಕೊಂಡಿದ್ದಾರೆ. ಮ್ಯಾಗಿಟ್‌ನ ಹಿರಿಯರು ಮ್ಯಾಗಿಟ್‌ನಲ್ಲೇ ಇದ್ದಾರೆ, ಅವರಿಗೆ ಅದೇ ಸರಿ. ಆದರೆ ಸಿಐಯಲ್ಲಿ ಲಿಂಟ್ ಬೇಗ ಓಡುವ ಹಾಗೆ ಬದಲಿಸಿಕೊಟ್ಟವರು ಅವರೇ, ಹುಕ್ ಇಲ್ಲದವರಿಗೆ ಅನುಕೂಲ ಆಗಲಿ ಅಂತ.

ಬಾಕಿ ಇರುವ ಕೆಲಸ: ಟಗ್, ಲಿಂಟ್ ಅಲಿಯಾಸ್, ಆಟೋ-ಟ್ರ್ಯಾಕ್ ಸೆಟ್ಟಿಂಗ್ ಮೂರನ್ನೂ ಒಂದೇ ಸ್ಕ್ರಿಪ್ಟ್‌ಗೆ ಸೇರಿಸಬೇಕು, ಹೊಸಬರು ಒಂದು ಸಲ ಓಡಿಸಿದರೆ ಸಾಕಾಗಬೇಕು. ಅಭ್ಯಾಸದ ರೆಪೊಗೆ ವಜ್ರ-ವೃತ್ತದ ಪಾಠವನ್ನೂ ಸೇರಿಸಬೇಕು, ಟ್ರ್ಯಾಕ್ ಮಾಡದ ಬುಕ್‌ಮಾರ್ಕ್ ಅದರಲ್ಲಿ ಇನ್ನೂ ಇಲ್ಲ. ಸಬ್‌ಮಾಡ್ಯೂಲ್ ಇರುವ ರೆಪೊವನ್ನು ಸದ್ಯಕ್ಕೆ ಮುಟ್ಟುವುದಿಲ್ಲ.